ಡೆಸ್‌ಫ್ಲುರೇನ್ ನಿಷೇಧ: ಅರ್ಧ ಗೆಲುವು

2023ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ತನ್ನ ಸರ್ಕಾರಿ ಆಸ್ಪತ್ರೆಗಳಿಂದ ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಮದ್ದನ್ನು ಕೈಬಿಟ್ಟಿತು. ಪರಿಸರದ ಕಾರಣಕ್ಕೆ ಹೀಗೆ ಮಾಡಿದ ಮೊದಲ ದೇಶ ಅದು. ಮರುವರ್ಷ ಇಂಗ್ಲೆಂಡ್ ಅದೇ ದಾರಿ ಹಿಡಿಯಿತು. ಐರೋಪ್ಯ ಒಕ್ಕೂಟ 2026ರ ಜನವರಿ 1ರಿಂದ ನಿರ್ಬಂಧ ವಿಧಿಸಿದೆ.

ನಿರ್ಧಾರ ಸರಿಯಾದದ್ದೇ. ನೂರು ವರ್ಷಗಳ ಲೆಕ್ಕ ಹಿಡಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಡೆಸ್‌ಫ್ಲುರೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಜೋರು. ರೋಗಿಯ ದೇಹದಲ್ಲಿ ಅದು ಹೆಚ್ಚುಕಡಿಮೆ ವಿಘಟನೆಯಾಗುವುದೇ ಇಲ್ಲ; ಉಸಿರಿನೊಂದಿಗೆ ಹೊರಬಂದು ಕೊಳವೆಯ ಮೂಲಕ ಆಸ್ಪತ್ರೆಯ ಹೊರಗಿನ ಗಾಳಿ ಸೇರುತ್ತದೆ. ಬೆಲೆಯೂ ಹೆಚ್ಚು. ಸುಮಾರು 23 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ದ್ರವವನ್ನು ಆವಿಯಾಗಿಸಲು ಅದಕ್ಕೆಂದೇ ವಿದ್ಯುತ್ತಿನಿಂದ ಬಿಸಿಯಾಗುವ ವೇಪರೈಸರ್ ಬೇಕು. ರೋಗಿ ಬೇಗ ಎಚ್ಚರಗೊಳ್ಳುತ್ತಾರೆಂಬ ಅನುಕೂಲ ನಿಜವಾದರೂ, ಬಹುಪಾಲು ಶಸ್ತ್ರಚಿಕಿತ್ಸೆಗಳಿಗೆ ಸೆವೊಫ್ಲುರೇನ್ ಎಂಬ ಇನ್ನೊಂದು ಅರಿವಳಿಕೆ ಮದ್ದು ಸಾಕು.

ಆದರೆ ಮದ್ದು ಬದಲಾದರೆ ಸಾಲದು, ಕೊಡುವ ರೀತಿಯೂ ಬದಲಾಗಬೇಕು. ಅರಿವಳಿಕೆ ತಜ್ಞರ ಬಳಿ ಒಂದು ಸರಳ ಲೆಕ್ಕವಿದೆ: ನಿಮಿಷಕ್ಕೆ ಹರಿಯುವ ಹೊಸ ಅನಿಲದ ಲೀಟರು, ವೇಪರೈಸರಿನ ಶೇಕಡಾ ಪ್ರಮಾಣ, ಇವೆರಡನ್ನೂ ಒಂದಕ್ಕೊಂದು ಗುಣಿಸಿ, ಬಂದದ್ದನ್ನು ಮೂರರಿಂದ ಗುಣಿಸಿದರೆ ಗಂಟೆಗೆ ಖರ್ಚಾಗುವ ದ್ರವ ಎಷ್ಟು ಮಿಲಿಲೀಟರ್ ಎಂಬುದು ಸಿಗುತ್ತದೆ. ಶೇ 2ರ ಸೆವೊಫ್ಲುರೇನನ್ನು ಎರಡು ಲೀಟರ್ ಹರಿವಿನಲ್ಲಿ ಕೊಟ್ಟರೆ 12 ಮಿ.ಲೀ.; ಅರ್ಧ ಲೀಟರಿಗೆ ಇಳಿಸಿದರೆ 3 ಮಿ.ಲೀ. ಹರಿವು ಇಳಿದಾಗ, ರೋಗಿ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಯಂತ್ರದಲ್ಲಿರುವ ಸೋಡಾ ಲೈಮ್ ಎಂಬ ರಾಸಾಯನಿಕ ಹೀರಿಕೊಂಡ ಮೇಲೆ, ಉಳಿದ ಮದ್ದು ಮತ್ತೆ ರೋಗಿಗೇ ಹೋಗುತ್ತದೆ. ಹೀಗೆ ಹರಿವು ಇಳಿಸಲು ಆಮ್ಲಜನಕವನ್ನೂ ಮದ್ದನ್ನೂ ಅಳೆಯುವ ಮಾನಿಟರ್ ಇರಲೇಬೇಕು. ಕಡಿಮೆ ಹರಿವಿನಲ್ಲಿ ಸೆವೊಫ್ಲುರೇನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂಬ ಹಳೆಯ ಭಯ ಇಲಿಗಳ ಮೇಲಿನ ಪ್ರಯೋಗದಿಂದ ಹುಟ್ಟಿದ್ದು. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ.

ಇನ್ನೊಂದು ಸೋರಿಕೆ ಗೋಡೆಯೊಳಗಿದೆ. ಎಡಿನ್‌ಬರೊ ಸುತ್ತಲಿನ ಲೋಥಿಯನ್ ಆಸ್ಪತ್ರೆಗಳಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲದ ಲೆಕ್ಕ ತೆಗೆದಾಗ, ಕೊಂಡ ಅನಿಲದ ಬಹುಪಾಲು ರೋಗಿಯನ್ನೇ ಮುಟ್ಟಿರಲಿಲ್ಲ. ಪೈಪ್‌ಲೈನು, ಸಿಲಿಂಡರ್ ಕೋಣೆಗಳಲ್ಲೇ ಅದು ಪೋಲಾಗುತ್ತಿತ್ತು. ಪೈಪ್‌ಲೈನ್ ಮುಚ್ಚಿ, ಬೇಕಾದಲ್ಲಿ ಯಂತ್ರಕ್ಕೇ ಸಣ್ಣ ಸಿಲಿಂಡರ್ ಜೋಡಿಸುವುದು ಇದಕ್ಕೆ ಪರಿಹಾರ.

ನಿಷೇಧದ ಕೊರತೆ ಇರುವುದು ಈ ಎರಡರಲ್ಲೇ, ಹರಿವಿನಲ್ಲಿ ಮತ್ತು ಸೋರಿಕೆಯಲ್ಲಿ. ಒಂದು ಬಾಟಲಿಯನ್ನು ಪಟ್ಟಿಯಿಂದ ತೆಗೆಯಲು ಒಂದು ಆದೇಶ ಸಾಕು. ಹರಿವಿನ ಗುಂಡಿಯನ್ನು ಪ್ರತಿ ಶಸ್ತ್ರಚಿಕಿತ್ಸೆಯಲ್ಲೂ ತಿರುಗಿಸಿ ಇಳಿಸುವವರು ವೈದ್ಯರೇ. ಅವರಿಗೆ ತರಬೇತಿ ಬೇಕು, ಯಾವ ಥಿಯೇಟರಿನಲ್ಲಿ ಎಷ್ಟು ಖರ್ಚಾಯಿತೆಂಬ ಲೆಕ್ಕವೂ ತಿಂಗಳು ತಿಂಗಳು ಕೈಸೇರಬೇಕು. ಡೆಸ್‌ಫ್ಲುರೇನ್ ಬಿಟ್ಟೆವೆಂದು ಹೇಳಿಕೊಳ್ಳುವ ಆಸ್ಪತ್ರೆ, ತನ್ನ ಯಂತ್ರಗಳ ಸರಾಸರಿ ಹರಿವು ಎಷ್ಟೆಂಬುದನ್ನೂ ಜೊತೆಗೇ ಪ್ರಕಟಿಸಲಿ.