ಮಳೆ ಬಂದರೆ ಓಡಬಾರದು

ಕೌದಿ ಮೇಲೋ ಸ್ಲೀಪಿಂಗ್ ಬ್ಯಾಗ್ ಮೇಲೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸಿಬಿಡುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಆಗಲಿಲ್ಲ. ಸೋಮವಾರ ಸಂಜೆಯೊಳಗೆ ಬರಹ ಪತ್ರಿಕೆಗೆ ಮುಟ್ಟಬೇಕು. ಈಗ ಸೋಮವಾರ ಮಧ್ಯಾಹ್ನ, ಹಾನಗಲ್ಲಿನ ಕೆಸರು ಇನ್ನೂ ಕಾಲಲ್ಲೇ ಇದೆ. ಐದು ದಿನ ತುಟಿ ಹೊಲಿದುಕೊಂಡು ಕೂತು ಬಂದವನಿಗೆ ಕೌದಿಯ ತೀರ್ಪು ಬರೆಯುವ ವ್ಯವಧಾನ ಎಲ್ಲಿಂದ ಬರಬೇಕು?

ಹಳೆಯ ಓದುಗರಿಗೆ ನಮ್ಮ ತಂಡದ ಪರಿಚಯ ಬೇಡ: ನಾಲ್ವರು, ನಾಲ್ಕು ತಾಡಪತ್ರಿ, ನಡುವೆ ಒಂದೇ ಒಲೆ. ಈ ಸಲದ ಬಿಡಾರ ಹಾನಗಲ್ಲ ತಾಲ್ಲೂಕಿನ ಪಡುವಣ ಅಂಚಿನ ಒಂದು ಮಾವಿನ ತೋಟದಲ್ಲಿ. ಆಚೆ ಮುಂಡಗೋಡದ ಕಾಡು, ಈಚೆ ಗೋವಿನಜೋಳದ ಹೊಲ. ಉತ್ತರಿ ಮಳೆ ಮುಗಿಯುತ್ತ ಬಂದ ಹೊತ್ತು, ತೆನೆ ಗಟ್ಟಿಯಾಗುತ್ತಿತ್ತು. ನಾಲ್ವರೂ ಗೋಯೆಂಕಾ ಪದ್ಧತಿಯ ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಕೂತು ಎದ್ದವರೇ. ಬೆಂಗಳೂರು ಬಳಿ ಆಲೂರಿನ ಧಮ್ಮ ಪಫುಲ್ಲಕ್ಕೋ ಇಗತ್‌ಪುರಿಗೋ ಹೋಗಿ ಬಂದವರಿಗೆ ಬೆಳಗಿನ ನಾಲ್ಕರ ಗಂಟೆ, ಮೊದಲ ಮೂರು ದಿನದ ಆನಾಪಾನ, ಸಂಜೆ ಐದಕ್ಕೆ ಹಳಬರಿಗೆ ಸಿಗುವ ಬರೀ ನಿಂಬೆನೀರು, ಹತ್ತನೆಯ ದಿನ ಬಾಯಿ ಬಿಚ್ಚಿದಾಗ ಏಳುವ ಸಂತೆಗದ್ದಲ ಇವನ್ನೆಲ್ಲ ನಾನು ಬಿಡಿಸಿ ಹೇಳಬೇಕಿಲ್ಲ. ಗೋಯೆಂಕಾ 1969ರಲ್ಲಿ ಬರ್ಮಾದಿಂದ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದ್ದು ಗೋಡೆಯೊಳಗೆ. ನಾವು ಗೋಡೆಯನ್ನು ಅಲ್ಲೇ ಬಿಟ್ಟು ದಿನಚರಿಯನ್ನಷ್ಟೆ ಕಡ ತಂದೆವು.

ಗೋಡೆ ಬಿಟ್ಟು ಬಂದವರಲ್ಲೂ ಈಗ ಇನ್ನೊಂದು ಪಂಗಡ ಹುಟ್ಟಿದೆ. ಇವರ ಮೇಲೆ ನನ್ನದು ಹಳೆಯ ಹಗೆ, ಮುಚ್ಚಿಡುವುದೇಕೆ. ಗುಮ್ಮಟದಂಥ ಡೇರೆ, ಒಳಗೆ ಸ್ಪ್ರಿಂಗ್ ಹಾಸಿಗೆ, ತಲೆದಿಂಬಿನ ಮೇಲೊಂದು ಕಮಲದ ಹೂ, ಬಾಗಿಲಲ್ಲೇ ಫೋನು ಕಸಿದುಕೊಂಡು ಹಾಕುವ ಬಟ್ಟೆಚೀಲ. ವಾರಾಂತ್ಯದ ಮೌನಕ್ಕೆ ಇಷ್ಟು ದುಡ್ಡು, ಊಟ ಸೇರಿ ಇಷ್ಟು. ಅಂಥದ್ದೊಂದಕ್ಕೆ ಎರಡು ವರ್ಷದ ಹಿಂದೆ ಹೋಗಿ ಕೆಟ್ಟೆ. ಊರು, ಹೆಸರು ಬೇಡ. ಎಲ್ಲರ ಕೈಗೂ ಮೊದಲು ಕೊಟ್ಟದ್ದು ಕಿವಿಗೆ ತುರುಕಿಕೊಳ್ಳುವ ಮೆತ್ತನೆಯ ಬಿರಡೆ. ಕಪ್ಪೆ ಕೂಗುತ್ತದಂತೆ, ಧ್ಯಾನ ಕೆಡುತ್ತದಂತೆ! ಕಪ್ಪೆಯ ಕೂಗು ಬೇಡದವನು ಕೆರೆದಂಡೆಗೆ ಯಾಕೆ ಬರಬೇಕು? ಇದನ್ನು ಹಿಂದೊಮ್ಮೆ ಬರೆದಾಗ ಶಿಗ್ಗಾಂವಿಯ ಓದುಗರೊಬ್ಬರು ಒಂದೇ ಸಾಲಿನ ಕಾರ್ಡು ಹಾಕಿದ್ದರು: ‘ನಮ್ಮ ಬಂಕಾಪುರ ಕೋಟ್ಯಾಗ ಶಿಬಿರ ಮಾಡ್ರಿ, ಆರ್ಯಮೌನದ ವಿಚಾರ ನವಿಲಿಗೂ ಒಂದ್ ಮಾತು ತಿಳಿಸಿ ಹೇಳ್ರಿ.’ ಬಂಕಾಪುರದ ನವಿಲುಧಾಮದ ಬಗಲಲ್ಲಿ ಒಂದು ಬೆಳಗು ಕಳೆದವರಿಗೆ ಈ ಮಾತಿನ ರುಚಿ ಗೊತ್ತು.

ಬಯಲಲ್ಲಿ ಕೂರುವುದು ಈಗಿನವರು ಕಂಡುಹಿಡಿದ ಶೋಕಿ ಎಂದುಕೊಂಡವರು ಬುದ್ಧಘೋಸನ ‘ವಿಸುದ್ಧಿಮಗ್ಗ’ದ ಎರಡನೆಯ ಅಧ್ಯಾಯ ತೆರೆಯಬೇಕು. ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ಬರೆದ ಗ್ರಂಥ. ಭಿಕ್ಷು ತಾನಾಗಿ ಹಿಡಿಯಬಹುದಾದ ಹದಿಮೂರು ಕಠಿಣ ವ್ರತಗಳು ಅಲ್ಲಿವೆ, ಧುತಂಗ ಎಂದು ಹೆಸರು. ಅದರಲ್ಲೊಬ್ಬ ಅಬ್ಭೋಕಾಸಿಕ, ಅಂದರೆ ಬಯಲುವಾಸಿ, ನಮ್ಮ ಕುಲದ ಮೂಲಪುರುಷ. ಇವನಲ್ಲಿ ಮೂರು ದರ್ಜೆ. ಉತ್ತಮನಾದವನು ಮರ, ಬಂಡೆ, ಮನೆ ಯಾವುದರ ಬಳಿಯೂ ಇರುವಂತಿಲ್ಲ, ನಟ್ಟನಡು ಬಯಲಲ್ಲಿ ಚೀವರವನ್ನೇ ಗುಡಾರ ಮಾಡಿಕೊಂಡು ಇರಬೇಕು. ನೋಡಿದಿರಾ? ಹೊದೆಯುವ ಬಟ್ಟೆಯೇ ಸೂರು! ತಾಡಪತ್ರಿ ಪಕ್ಷದವರಾದ ನಮಗೆ ಇದಕ್ಕಿಂತ ದೊಡ್ಡ ಆಧಾರ ಬೇಡ. ಮಧ್ಯಮನು ಮರದ, ಬಂಡೆಯ ಪಕ್ಕಕ್ಕೆ ಬರಬಹುದು, ಅದರ ಅಡಿಗೆ ಸೇರಬಾರದು. ಇನ್ನು ಮೂರನೆಯವನು, ವ್ರತವನ್ನು ಸಡಿಲವಾಗಿ ಹಿಡಿದವನು. ಅವನಿಗೆ ಕೊಂಬೆಗಳ ಚಪ್ಪರ ಸಲ್ಲುತ್ತದೆ, ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ ಸಲ್ಲುತ್ತದೆ, ಕೊನೆಗೆ ಹೊಲ ಕಾಯುವವರು ಬಿಟ್ಟುಹೋದ ಗುಡಿಸಲೂ ಸಲ್ಲುತ್ತದೆ.

ಹೊಲ ಕಾಯುವವರ ಗುಡಿಸಲು! ಸಾವಿರದೈನೂರು ವರ್ಷದ ಹಿಂದಿನ ಪಾಲಿ ಗ್ರಂಥದಲ್ಲಿ ಹಾನಗಲ್ಲಿನ ಗೋವಿನಜೋಳದ ಹೊಲದ ಅಟ್ಟಣಿಗೆ ಕಂಡಷ್ಟು ಸಂತೋಷವಾಯಿತು ನನಗೆ. ಇನ್ನೊಂದು ನಿಯಮವಂತೂ ನನಗೆ ಪ್ರಾಣ. ಬಯಲುವಾಸಿ ದಾರಿಯಲ್ಲಿ ಹೋಗುವಾಗ ಮಳೆ ಬಂತು ಅನ್ನಿ. ಹಿರಿಯ ಭಿಕ್ಷುಗಳ ಸಾಮಾನು ಹೊತ್ತಿದ್ದರೆ ನಡುದಾರಿಯ ಸಾಲೆಯೊಳಗೆ ಹೋಗಬಹುದು. ಬರಿಗೈಯಲ್ಲಿದ್ದರೆ ಸೂರಿನ ಆಸೆಗೆ ಓಡುವಂತಿಲ್ಲ. ಯಾವಾಗಿನ ನಡಿಗೆಯಲ್ಲೇ ನಡೆದು ಹೋಗಿ ಸೇರಬಹುದು, ಮಳೆ ನಿಲ್ಲುವತನಕ ಇರಬಹುದು. ತೊಯ್ಯುವುದು ತಪ್ಪಲ್ಲ, ಹೆಜ್ಜೆ ಬದಲಾಯಿಸುವುದು ತಪ್ಪು.

ಬಯಲುವಾಸಿಯ ಪಕ್ಕದಲ್ಲೇ ರುಕ್ಖಮೂಲಿಕ, ಮರದಡಿಯವನು, ಬರುತ್ತಾನೆ. ಇವನ ಕಷ್ಟ ಬೇರೆ: ಎಲ್ಲ ಮರವೂ ಆಗದು. ಸೀಮೆಯ ಗಡಿಯ ಮರ, ಪೂಜೆಗೊಳ್ಳುವ ಮರ, ಅಂಟು ಸುರಿಸುವ ಮರ, ಹಣ್ಣಿನ ಮರ, ಬಾವಲಿಗಳ ಮರ, ಪೊಟರೆಯ ಮರ, ವಿಹಾರದ ನಡುವಣ ಮರ ಇಷ್ಟನ್ನೂ ಬಿಡಬೇಕು. ಈ ಪಟ್ಟಿ ಓದಿದಾಗೆಲ್ಲ ನನಗೆ ಸವಣೂರು ನೆನಪಾಗಿ ನಗು ಬರುತ್ತದೆ. ದೊಡ್ಡಹುಣಸೆ ಕಲ್ಮಠದ ಆ ಮೂರು ಆಫ್ರಿಕದ ಮಹಾವೃಕ್ಷಗಳನ್ನು ನೋಡಿದವರೆಲ್ಲ ‘ಇದರ ಬುಡದಲ್ಲಿ ಕೂತರೆ ಧ್ಯಾನ ತಾನಾಗಿ ಹತ್ತುತ್ತದೆ’ ಅನ್ನುತ್ತಾರೆ. ಬುದ್ಧಘೋಸನ ಲೆಕ್ಕದಲ್ಲಿ ಅವು ನಾಲ್ಕು ಕಡೆ ನಪಾಸು. ಮಠದ ಆವರಣದವು, ಜನ ಕೈಮುಗಿಯುವವು, ಹಣ್ಣು ಬಿಡುವವು, ಸಾಲದ್ದಕ್ಕೆ ಸಂಜೆಗೆ ಹೂ ಅರಳಿಸಿ ಬಾವಲಿಗಳನ್ನು ಕರೆಯುವ ಜಾತಿಯವು. ಬೇಸಿಗೆಯಲ್ಲಿ ಎಲೆಯೂ ಇರುವುದಿಲ್ಲ. ಹಣ್ಣಿನ ಮರ ಆಗದು ಎಂದಮೇಲೆ ನಮ್ಮ ಮಾವಿನ ತೋಟವೂ ಬಿದ್ದುಹೋಯಿತು. ಅದಕ್ಕೇ ಬದುವಿನಾಚೆ, ಬಟಾಬಯಲಲ್ಲಿ ತಾಡಪತ್ರಿ ಕಟ್ಟಿದೆವು. ಸವಣೂರಿನಿಂದ ತಂದಿದ್ದು ಖಾರ ಮಾತ್ರ. ಮೌನದಲ್ಲಿ ನಾಲ್ವರು ಕೂತು ಸವಣೂರು ಖಾರ ಮಂಡಕ್ಕಿ ಅಗಿದರೆ ಎಷ್ಟು ಸಪ್ಪಳವಾಗುತ್ತದೆ ಎಂಬುದನ್ನು ಯಾವ ಆಚಾರ್ಯರೂ ಬರೆದಿಲ್ಲ.

ಎರಡನೆಯ ದಿನ ಬೆಳಗ್ಗೆ ಹೊಲದಜ್ಜ ಬಂದ. ಬಗಲಲ್ಲಿ ಅಟ್ಟಣಿಗೆ ಹಾಕಿಕೊಂಡು ರಾತ್ರಿಯೆಲ್ಲ ಹಂದಿ ಕಾಯುವವನು. ಕೂತ ನಾಲ್ವರನ್ನೂ ಒಬ್ಬೊಬ್ಬರಂತೆ ಸುತ್ತು ಹಾಕಿ ನೋಡಿದ.

‘ಯಾಕ್ರೀ ಸಾಹೇಬ್ರ, ಮಾತಾಡವಲ್ರಿ? ಒಬ್ರಿಗೊಬ್ರು ಜಗಳಾಡೀರೇನು?’

ನಾನು ಕೈಮುಗಿದೆ. ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ.

‘ಹಲ್ಲ ಬ್ಯಾನಿ ಇರಬೇಕು’ ಅಂದು ಹೋದ. ಮಧ್ಯಾಹ್ನ ಒಂದು ಹಿಡಿ ಲವಂಗ ತಂದು ನನ್ನೆದುರು ಇಟ್ಟ.

ಆ ಲವಂಗ ನನ್ನನ್ನು ಎರಡು ದಿನ ಕಾಡಿತು. ವಿನಯ ಪಿಟಕದ ‘ಮಹಾವಗ್ಗ’ದಲ್ಲಿ ಒಂದು ಕತೆಯಿದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಜಗಳವಿಲ್ಲದೆ ಕಳೆಯಲು ಪೂರ್ತಿ ಬಾಯಿ ಮುಚ್ಚಿಕೊಂಡರು. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರಿಡುವುದು, ಕೊನೆಗೆ ಬಂದವನು ಗುಡಿಸುವುದು, ನೀರಿನ ಕೊಡ ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುವುದು. ಮಳೆಗಾಲ ಮುಗಿದು ಬುದ್ಧನೆದುರು ಹೆಮ್ಮೆಯಿಂದ ವರದಿ ಒಪ್ಪಿಸಿದರೆ ಸಿಕ್ಕಿದ್ದು ಬೈಗುಳ. ದನಗಳ ಹಾಗೆ, ಕುರಿಗಳ ಹಾಗೆ ಒಟ್ಟಿಗಿದ್ದು ಬಂದು ಸುಖವಾಗಿದ್ದೆವು ಅನ್ನುತ್ತೀರಲ್ಲ ಎಂದು ಗದರಿ, ಮೂಗವ್ರತವನ್ನೇ ನಿಷೇಧಿಸಿದ. ಬದಲಿಗೆ ಪವಾರಣೆ ತಂದ: ಮಳೆಗಾಲದ ಕೊನೆಗೆ ಒಬ್ಬೊಬ್ಬನೂ ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪನ್ನು ಹೇಳಿ ಎಂದು ಉಳಿದವರನ್ನು ಕೇಳಿಕೊಳ್ಳಬೇಕು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕತೆ. ಇದೇ ಆಸನ, ಇದೇ ನೀರಿನ ಕೊಡ, ಇದೇ ಕೈಸನ್ನೆ ‘ಚೂಳಗೋಸಿಂಗ ಸುತ್ತ’ದಲ್ಲೂ ಬರುತ್ತದೆ. ಅಲ್ಲಿ ಸಾಲವೃಕ್ಷಗಳ ಕಾಡಿನಲ್ಲಿರುವವರು ಅನುರುದ್ಧ, ನಂದಿಯ, ಕಿಂಬಿಲ. ಅಲ್ಲಿ ಬುದ್ಧ ಮೆಚ್ಚಿ ಭೇಷ್ ಅನ್ನುತ್ತಾನೆ! ದಿನಚರಿ ಒಂದೇ, ಒಬ್ಬರಿಗೆ ಬೈಗುಳ, ಒಬ್ಬರಿಗೆ ಹೊಗಳಿಕೆ. ವ್ಯತ್ಯಾಸ ಒಂದೇ ಸಾಲಿನಲ್ಲಿದೆ. ಅನುರುದ್ಧನ ಗುಂಪು ಐದು ರಾತ್ರಿಗೊಮ್ಮೆ ಬೆಳಗಿನತನಕ ಕೂತು ಧಮ್ಮದ ಮಾತಾಡುತ್ತಿತ್ತು. ನನ್ನ ಮಟ್ಟಿಗೆ ಇದು ಮೌನ ಶಿಬಿರದ ಅತ್ಯಂತ ಮುಖ್ಯ ನಿಯಮ, ಯಾವ ಪ್ಯಾಕೇಜಿನ ಕರಪತ್ರದಲ್ಲೂ ಇಲ್ಲದ ನಿಯಮ. ನಾವು ಐದು ರಾತ್ರಿ ಎಂದು ಗೊತ್ತುಮಾಡಿದ್ದೇ ಇದರ ಮೇಲೆ.

ಬೌದ್ಧರೆಂದರೆ ಸದ್ದಿಲ್ಲದವರು ಎಂಬ ಭ್ರಮೆಯಾದರೂ ಎಲ್ಲಿಂದ ಬಂತೋ. ಶಿಗ್ಗಾಂವಿ ತಾಲ್ಲೂಕಿನ ತಡಸದಲ್ಲಿ ತಿರುಗಿಕೊಂಡು ಮುಂಡಗೋಡಕ್ಕೆ ಹೋಗಿ ನೋಡಿ. 1966ರಲ್ಲಿ ಟಿಬೆಟಿನವರು ಬಂದು ನೆಲೆಯೂರಿದ ಜಾಗ. ಅದಾದ ಕೆಲವೇ ವರ್ಷಕ್ಕೆ ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಅಲ್ಲಿಯ ಅಂಗಳದಲ್ಲಿ ತರ್ಕದ ಹೊತ್ತಿಗೆ ನಿಂತು ಕೇಳಬೇಕು. ಕೂತವನು ಉತ್ತರಿಸುವವನು, ನಿಂತವನು ಪ್ರಶ್ನಿಸುವವನು. ಪ್ರತಿ ಪ್ರಶ್ನೆಗೂ ಕಾಲು ಅಪ್ಪಳಿಸಿ ಚಟ್ಟನೆ ಚಪ್ಪಾಳೆ. ಅಂಗಳದ ತುಂಬ ಒಟ್ಟೊಟ್ಟಿಗೆ ನಡೆಯುವಾಗ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಶಾಂತವೆನ್ನಿಸಬೇಕು. ಹಿರೇಕೆರೂರಿನ ಗಡಿ ದಾಟಿದರೆ ಸಿಗುವ ಬಳ್ಳಿಗಾವಿಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ಬೌದ್ಧ ವಿಹಾರವೂ ಶೈವ, ವೈಷ್ಣವ, ಜೈನರೆಲ್ಲ ಕಿಕ್ಕಿರಿದ ಪಟ್ಟಣದ್ದೇ. ಇನ್ನೂ ಹಿಂದಕ್ಕೆ ಹೋದರೆ ವರದೆಯ ದಡದ ಬನವಾಸಿ. ‘ಮಹಾವಂಸ’ದ ಪ್ರಕಾರ ಅಶೋಕನ ಕಾಲದಲ್ಲಿ ವನವಾಸ ನಾಡಿಗೆ ಬಂದ ರಕ್ಖಿತ ಥೇರ ಜನರ ನಡುವೆ ಆಕಾಶದಲ್ಲಿ ನಿಂತೇ ಉಪದೇಶ ಮಾಡಿದ. ಡೇರೆ ಹೋಗಲಿ, ನೆಲವೂ ಬೇಕಾಗಿರಲಿಲ್ಲ ಅವನಿಗೆ. ಈ ಸೀಮೆಯ ಬಯಲುವಾಸಿಗಳಲ್ಲಿ ಮೊದಲಿಗನೆಂದು ನಾನು ಲೆಕ್ಕ ಹಿಡಿಯುವುದು ಅವನನ್ನೇ, ಅವನೂ ಮಾತಾಡಿದವನೇ.

ನಾಲ್ಕನೆಯ ರಾತ್ರಿ ಮಳೆ ಹಿಡಿಯಿತು. ಉತ್ತರಿ ತನ್ನ ಬಾಕಿಯನ್ನೆಲ್ಲ ಒಂದೇ ಕಂತಿನಲ್ಲಿ ತೀರಿಸಿತು. ನನ್ನ ತಾಡಪತ್ರಿಯ ಹೊಟ್ಟೆಯಲ್ಲಿ ನೀರು ತುಂಬಿ, ಹಗ್ಗ ಹರಿದು, ಎಲ್ಲವೂ ಮೈಮೇಲೆ ಬಂತು. (ಗುಮ್ಮಟದ ಡೇರೆಯವರು ಮನಸಾರೆ ನಗಲಿ.) ಸ್ಲೀಪಿಂಗ್ ಬ್ಯಾಗು ನೀರು ಕುಡಿದ ಎಮ್ಮೆಯಂತೆ ಬಿದ್ದಿತ್ತು. ಬದುವಿನಾಚೆ ಅಜ್ಜನ ಅಟ್ಟಣಿಗೆಯಲ್ಲಿ ಕಂದೀಲು. ನೂರು ಹೆಜ್ಜೆ ಇರಬಹುದು. ಓಡಲು ಎತ್ತಿದ ಕಾಲನ್ನು ಬುದ್ಧಘೋಸ ಹಿಡಿದ. ಯಾರ ಸಾಮಾನೂ ನನ್ನ ಹೆಗಲ ಮೇಲಿಲ್ಲ. ಯಾವಾಗಿನ ನಡಿಗೆಯಲ್ಲೇ ಹೊರಟೆ.

‘ಓಡಿ ಬರಬಾರದೇನ್ರೀ? ನೀರಾಗ ಅದ್ದಿ ತಗದಂಗ ಆಗೀರಿ!’ ಅಜ್ಜ ಮೇಲಿನಿಂದ ಕೂಗಿದ.

ಏಣಿ ಹತ್ತಿದೆ. ಒಂದು ಕೌದಿ ಎಸೆದ, ಹೊದ್ದೆ. ಅವನು ಬೀಡಿ ಹಚ್ಚಿ ಕತ್ತಲನ್ನು ನೋಡುತ್ತ ಕೂತ. ಒಂದು ಮಾತಿಲ್ಲ. ಅರ್ಧ ಗಂಟೆ ಹಾಗೆ ಕೂತವನನ್ನು ನೋಡಿ, ನಾಲ್ಕು ದಿನದಿಂದ ನಾವು ಮಾಡುತ್ತಿರುವ ಕಸರತ್ತಿನ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಅಷ್ಟರಲ್ಲಿ ಹೊಲದ ತುದಿಯಲ್ಲಿ ತೆನೆ ಮುರಿದ ಸದ್ದು. ಅಜ್ಜ ಎದ್ದು ನಿಂತು ‘ಹೋss’ ಎಂದು ಒದರಿದ. ಅವನಿಗೆ ಕೆಮ್ಮು ಬಂತು. ಎಣ್ಣೆಯ ಖಾಲಿ ಡಬ್ಬಿಯನ್ನೂ ಕೋಲನ್ನೂ ನನ್ನ ಕೈಗಿಟ್ಟ.

‘ಅಜ್ಜಾರ, ಯಾವ ಕಡೆ?’ ಅಂದೆ. ಅದೇ ನಾನಾಡಿದ ಮೊದಲ ಮಾತು.

‘ಎಲ್ಲಾ ಕಡೆ ಬಡೀರಿ’ ಅಂದ. ಹಲ್ಲು ವಾಸಿಯಾಯಿತೇ ಎಂದು ಕೇಳಲಿಲ್ಲ.

ಬೆಳಕು ಹರಿಯುವವರೆಗೆ ಬಡಿದೆ. ಉಳಿದ ಮೂವರಿಗೆ ಅವತ್ತು ನಾಲ್ಕರ ಗಂಟೆ ಬಾರಿಸುವ ಅಗತ್ಯ ಬೀಳಲಿಲ್ಲ. ಐದನೆಯ ರಾತ್ರಿಯ ಪವಾರಣೆಯಲ್ಲಿ ಮೂವರೂ ಹೇಳಿದ ತಪ್ಪು ಒಂದೇ, ಡಬ್ಬಿಯದು. ಅವಸರದಲ್ಲಿ ಗಂಟು ಕಟ್ಟುವಾಗ ಅಜ್ಜನ ಕೌದಿಯೂ ನನ್ನ ಚೀಲದೊಳಗೆ ಬಂದುಬಿಟ್ಟಿದೆ. ಈಗ ನಮ್ಮ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದೆ, ಹೊಗೆಸೊಪ್ಪಿನ ವಾಸನೆ ಹೋಗಿಲ್ಲ. ಬುಧವಾರದ ಹಾನಗಲ್ಲ ಬಸ್ಸಿಗೆ ಕೊಡಲು ಹೋಗಬೇಕು.