ಕೀ ಕೇಳದ ಲಿನಕ್ಸ್, ಕೈಬಿಡದ ನುಡಿ

ಪರದೆಯ ಬಲಮೂಲೆಯಲ್ಲಿ ‘ವಿಂಡೋಸ್ ಆ್ಯಕ್ಟಿವೇಟ್ ಮಾಡಿ’ ಎಂಬ ಮಸುಕು ಅಕ್ಷರ ಕಂಡರೆ ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳಲ್ಲಿ ಯಾರೂ ಬೆಚ್ಚುವುದಿಲ್ಲ. ಲಗ್ನಪತ್ರಿಕೆ ಅದರ ಪಕ್ಕದಲ್ಲೇ ತಯಾರಾಗುತ್ತದೆ. 2001ರಲ್ಲಿ ಎಕ್ಸ್‌ಪಿ ಜೊತೆ ಬಂದ ಈ ಆ್ಯಕ್ಟಿವೇಶನ್ ಪದ್ಧತಿ ಕಳ್ಳಪ್ರತಿ ತಡೆಯಲೆಂದು ಹುಟ್ಟಿದ್ದು. ಕಾಟ ಮಾತ್ರ ದುಡ್ಡು ಕೊಟ್ಟವನಿಗೇ ಹೆಚ್ಚು. ಕಂಪ್ಯೂಟರ್ ಜೊತೆಗೇ ಬಂದ ಪರವಾನಗಿ ಮದರ್‌ಬೋರ್ಡಿಗೆ ಗಂಟುಬಿದ್ದಿರುತ್ತದೆ. ಸಿಡಿಲಿಗೆ ಬೋರ್ಡ್ ಸುಟ್ಟು ಹೊಸದು ಹಾಕಿಸಿದರೆ ವಿಂಡೋಸಿಗೆ ಮಾಲೀಕನ ಗುರುತೇ ಹತ್ತದಿರಬಹುದು. ‘ಕ್ರ್ಯಾಕ್’ ಹಾಕಿಸಿಕೊಂಡವನು ಅದನ್ನೇ ಇನ್ನೊಮ್ಮೆ ಹಾಕಿಸುತ್ತಾನೆ, ಅಷ್ಟೇ. (ಅದರ ಜೊತೆ ವೈರಸ್ಸೂ ಪುಕ್ಕಟೆ ಬಂದೀತು, ಆ ಮಾತು ಬೇರೆ.)

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರ ವಿಂಡೋಸ್ 11ರ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ ನೋಡಿ: 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, ಕೀ ಕೇಳುವುದಿಲ್ಲ. ಕನ್ನಡದ ಕಗಪ ಕೀಲಿಮಣೆ ಒಳಗೇ ಇದೆ, ಯುನಿಕೋಡ್ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಮನೆಯವರು, ವಿದ್ಯಾರ್ಥಿಗಳು, ಲೇಖಕರು ಇವತ್ತೇ ಬದಲಾಯಿಸಬಹುದು.

ಧಾರವಾಡದ ಪುಸ್ತಕೋದ್ಯಮದ ಕಥೆ ಅಷ್ಟು ಸಲೀಸಲ್ಲ. ವರ್ಷಗಟ್ಟಲೆಯ ಹಸ್ತಪ್ರತಿಗಳು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಆಸ್ಕಿ ಫಾಂಟಿನಲ್ಲಿ, ಪೇಜ್‌ಮೇಕರ್ ಪುಟಗಳಲ್ಲಿ ಕೂತಿವೆ. ಆ ಫಾಂಟ್ ಹಾಕಿಕೊಂಡರೆ ಹಳೆಯ ವರ್ಡ್ ಫೈಲನ್ನು ಲಿಬ್ರೆಆಫೀಸಿನಲ್ಲಿ ಓದಬಹುದು, ಆದರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಸಂಕೇತಗಳ ರಾಶಿ. ‘ಧಾರವಾಡ’ ಎಂದು ಹುಡುಕಿದರೆ ಸಿಗದು. ಪೇಜ್‌ಮೇಕರ್ ಪುಟವಂತೂ ಇದ್ದಂತೆ ಬಂದು ಕೂರುವುದಿಲ್ಲ. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ‘ಸಂಚಯ’ದವರದು ಪುಕ್ಕಟೆಯೇ. ಆಮೇಲೆ ಮುನ್ನೂರು ಪುಟದ ಕರಡು ಮತ್ತೆ ತಿದ್ದುವವರ ಕೂಲಿ ಯಾರು ಕೊಡಬೇಕು? ಲಿನಕ್ಸ್ ಪುಕ್ಕಟೆ ಎಂದು ಸಾರುವವರ ಲೆಕ್ಕದಲ್ಲಿ ಈ ಬಾಬ್ತು ಕಾಣುವುದಿಲ್ಲ. ವಿಂಡೋಸಿನ ಲೆಕ್ಕಪತ್ರ ತಂತ್ರಾಂಶ ಟ್ಯಾಲಿ ಬಿಟ್ಟು ಬದುಕಲಾರದ ವ್ಯಾಪಾರಿಯನ್ನೂ ಅವರು ಮರೆಯುತ್ತಾರೆ.

ಹಾಗಾಗಿ ಇಲ್ಲಿ ವಿಂಡೋಸನ್ನು ಕಾಯುತ್ತಿರುವುದು ಮೈಕ್ರೋಸಾಫ್ಟಿನ ಬೀಗವಲ್ಲ, ನಮ್ಮದೇ ಹಳೆಯ ಫೈಲುಗಳು. ಅಂಗಡಿಯವರು ಅವುಗಳಿಗೆಂದು ಒಂದು ವಿಂಡೋಸ್ ಯಂತ್ರವನ್ನು ಇಂಟರ್ನೆಟ್ಟಿಲ್ಲದೆ ಇಟ್ಟುಕೊಂಡು, ಹೊಸ ಕೆಲಸವನ್ನು ಲಿನಕ್ಸಿನಲ್ಲಿ ಶುರು ಮಾಡಬಹುದು. ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್‌ನ ಹೊಸ ಆವೃತ್ತಿಯಲ್ಲಿ ಯುನಿಕೋಡ್ ಕನ್ನಡದ ಪುಟ ಕಟ್ಟಲು ಬರುತ್ತದೆ. ಅದಕ್ಕೆ ಮೊದಲು ಯುನಿಕೋಡಿನಲ್ಲಿ ಹೊಸ ಪುಸ್ತಕ ಒಯ್ದುಕೊಟ್ಟ ಲೇಖಕನಿಗೆ ‘ನುಡಿಯೊಳಗ ಕೊಡ್ರಿ’ ಎನ್ನುವುದು ನಿಲ್ಲಬೇಕು.