ಸುಧಾರಿಸುವುದು ಮತ್ತು ಸುಧಾರಿಸಿಕೊಳ್ಳುವುದು

ಕನ್ನಡದ ತಿರುಳು ಎಲ್ಲಿದೆ ಎಂಬುದನ್ನು ಹೇಳುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿಗಳು ಅದರ ಆಸುಪಾಸಿನ ಊರುಗಳು. ಇಂತಹ ನೆಲದಲ್ಲಿ ಬಾಳುವ ನಮಗೆ ಪದಗಳನ್ನು ತೂಗಿ ನೋಡುವ ಹೊಣೆ ತುಸು ಹೆಚ್ಚೇ ಇದೆ. ಧರ್ಮ, ರಾಜಕಾರಣ, ಕಾನೂನು ಈ ಮೂರೂ ರಂಗಗಳಲ್ಲಿ ಬಹು ಗೌರವದಿಂದ ಬಳಕೆಯಾಗುವ 'ಸುಧಾರಣೆ' ಎಂಬ ಪದವನ್ನು ಇಲ್ಲಿ ತೂಗಿ ನೋಡೋಣ.

ನಮ್ಮ ಮನೆಮಾತಿನಲ್ಲಿ ಇದಕ್ಕೆ ಎರಡು ರೂಪಗಳಿವೆ. ಜ್ವರ ಇಳಿದವನು 'ಸುಧಾರಿಸಿಕೊಂಡ' ಎನ್ನುತ್ತೇವೆ. ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಟ್ಟು 'ಸ್ವಲ್ಪ ಸುಧಾರಿಸಿಕೊಳ್ರಿ' ಎನ್ನುತ್ತೇವೆ. ಇಲ್ಲಿ ಕ್ರಿಯೆಯೂ ಫಲವೂ ಒಬ್ಬನದೇ. 'ಸುಧಾರಿಸು' ಎಂದಾಗಲಾದರೋ ಒಬ್ಬನು ಮತ್ತೊಬ್ಬನನ್ನು ತಿದ್ದುತ್ತಾನೆ. 'ಸುಧಾರಣೆ' ಎಂಬ ನಾಮಪದವಾದೊಡನೆ ಈ ಭೇದ ಅಳಿಸಿಹೋಗುತ್ತದೆ. ತಿದ್ದುವವರು ಯಾರು, ತಿದ್ದುಪಡಿಗೆ ಒಳಗಾಗುವವರು ಯಾರು ಎಂಬುದು ಕಾಣದಾಗುತ್ತದೆ. ಅಪಾಯವಿರುವುದು ಅಲ್ಲಿಯೇ.

ಮೊದಲು ಕಾನೂನನ್ನು ನೋಡೋಣ. ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಎಂಬ ಬಡಾವಣೆಯಿದೆ. ಆ ಹೆಸರಿನ ಹಿಂದೆ ಬ್ರಿಟಿಷರ 'ಅಪರಾಧಿ ಬುಡಕಟ್ಟುಗಳ ಕಾಯ್ದೆ'ಯಿದೆ. 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಕಾಯ್ದೆ 1911ರಲ್ಲಿ ದೇಶವ್ಯಾಪಿಯಾಯಿತು, 1924ರಲ್ಲಿ ಮತ್ತೆ ರೂಪುಗೊಂಡಿತು. ಒಬ್ಬ ವ್ಯಕ್ತಿ ಮಾಡಿದ ತಪ್ಪಿಗಾಗಿ ಅಲ್ಲ, ಒಂದು ಸಮುದಾಯದಲ್ಲಿ ಹುಟ್ಟಿದ್ದಕ್ಕಾಗಿಯೇ ಮನುಷ್ಯನನ್ನು ಅಪರಾಧಿಯೆಂದು ದಾಖಲಿಸಲು ಅದು ಅವಕಾಶ ಕೊಟ್ಟಿತು. ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಮುಂಬಯಿ ಪ್ರಾಂತ್ಯದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರ ಮುಂತಾದೆಡೆ ಇದಕ್ಕಾಗಿಯೇ ಸೆಟ್ಲಮೆಂಟುಗಳು ಎದ್ದವು. ಇಷ್ಟಕ್ಕೂ ಸರ್ಕಾರವು ಇಟ್ಟ ಹೆಸರು 'ಸುಧಾರಣೆ'.

ಅಲ್ಲಿ ಮಕ್ಕಳಿಗೆ ಶಾಲೆಗಳಿದ್ದವು, ದೊಡ್ಡವರಿಗೆ ಕೆಲಸ ಒದಗಿಸಲಾಗುತ್ತಿತ್ತು ಎಂಬುದೂ ನಿಜ. ಕೆಲವು ಕಡೆ ಅವುಗಳ ಆಡಳಿತವನ್ನು ಕ್ರೈಸ್ತ ಸಂಸ್ಥೆಗಳೇ ವಹಿಸಿಕೊಂಡಿದ್ದವು. ಆಂಧ್ರದ ಸ್ಟುವರ್ಟ್‌ಪುರಂ ಸಾಲ್ವೇಶನ್ ಆರ್ಮಿಯ ಕೈಯಲ್ಲಿತ್ತು. ಆದುದರಿಂದ ಈ ಪದದ ವಿಮರ್ಶೆ ಕ್ರೈಸ್ತರಾದ ನಮ್ಮನ್ನೂ ತಟ್ಟುತ್ತದೆ. ಸದುದ್ದೇಶ ಎಷ್ಟೇ ಇದ್ದರೂ, ಹೊರಹೋಗುವ ಸ್ವಾತಂತ್ರ್ಯವಿಲ್ಲದವನ ಮೇಲೆ ನಡೆದದ್ದು 'ಸುಧಾರಿಸುವುದು' ಮಾತ್ರ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಗಿ ಆ ಜನರು 'ವಿಮುಕ್ತ'ರೆನಿಸಿದರು. ಆದರೆ ಹಳೆಯ ಪೂರ್ವಗ್ರಹ ಸರ್ಕಾರಿ ಬರಹದಲ್ಲಿಯೇ ಉಳಿದಿತ್ತು. ಬಂದೀಖಾನೆಗಳ ನಿಯಮಾವಳಿಯಲ್ಲಿ ಜಾತಿಯ ಮೇಲೆ ಕೆಲಸ ಹಂಚುವುದನ್ನೂ, ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಶಂಕಿಸುವ ಮಾತುಗಳನ್ನೂ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ.

ಇನ್ನು ರಾಜಕಾರಣ. ಕರ್ನಾಟಕದ ಭೂ ಸುಧಾರಣಾ ಕಾಯ್ದೆ 1961ರದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಗೇಣಿದಾರನಿಗೆ ಭೂಮಿಯ ಒಡೆತನದ ದಾರಿ ತೆರೆಯಿತು. ಗೇಣಿದಾರನೇ ನಮೂನೆ 7ರಲ್ಲಿ ಅರ್ಜಿ ಬರೆದು ಭೂ ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಕೇಳಬಹುದಾಗಿತ್ತು. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ಅದೇ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳು ತಡೆಯುತ್ತಿದ್ದವು. 2020ರ ತಿದ್ದುಪಡಿ ಆ ಕಲಮುಗಳನ್ನೇ ತೆಗೆದುಹಾಕಿತು. ಇದರಿಂದ ಕೃಷಿಗೆ ಬಂಡವಾಳ ಬರುತ್ತದೆಂದು ಸರ್ಕಾರ ಹೇಳಿತು. ಸಣ್ಣ ರೈತನ ಹೊಲ ಕೈತಪ್ಪುತ್ತದೆಂದು ರೈತ ಸಂಘಟನೆಗಳು ವಿರೋಧಿಸಿದವು. ಎರಡು ದಿಕ್ಕಿಗೆ ಎಳೆಯುವ ಎರಡು ತಿದ್ದುಪಡಿಗಳಿಗೂ ಒಂದೇ ಹೆಸರು! ಭೂಮಿ ತಾನಾಗಿ ಸುಧಾರಿಸದು. ಮುಂಡರಗಿಯ, ಶಿರಹಟ್ಟಿಯ ಒಣ ಬೇಸಾಯಗಾರನು ಕೇಳಬೇಕಾದುದು 'ಯಾರ ಸುಧಾರಣೆ?' ಎಂದು.

ಧರ್ಮದ ರಂಗದಲ್ಲಿ ನಮ್ಮ ಧರ್ಮಸಭೆಗೂ ಈ ಪದ ಸುಲಭವಾಗಿ ಒಗ್ಗಲಿಲ್ಲ. 1517ರಲ್ಲಿ ಮಾರ್ಟಿನ್ ಲೂಥರನಿಂದ ಆರಂಭವಾದ ಚಳವಳಿಗೆ ಆ ಹೆಸರು ಅಂಟಿಕೊಂಡ ಮೇಲೆ, ಅದು 'ಅವರ' ಪದವೆಂಬ ಭಾವನೆ ನಮ್ಮಲ್ಲಿ ಬೆಳೆಯಿತು. ಆದರೆ 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯೂ ಧರ್ಮಾಧ್ಯಕ್ಷರ, ಗುರುಗಳ ನಡತೆಯನ್ನು ತಿದ್ದುವ ಆಜ್ಞೆಗಳನ್ನು ಇದೇ ಹೆಸರಿನಲ್ಲಿ ಹೊರಡಿಸಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಪ್ರಕಟಿಸಿದ ಕ್ರೈಸ್ತ ಐಕ್ಯದ ಆದೇಶಪತ್ರದಲ್ಲಿ ಧರ್ಮಸಭೆಯು ನಿರಂತರ ಸುಧಾರಣೆಗೆ ಕರೆಯಲ್ಪಟ್ಟಿದೆ ಎಂದು ಬೋಧಿಸಿತು. ಇಲ್ಲಿ ಧರ್ಮಸಭೆ ಲೋಕವನ್ನು ತಿದ್ದುವ ಮೊದಲು ತನ್ನನ್ನು ತಿದ್ದಿಕೊಳ್ಳಲು ಒಪ್ಪಿತು.

ಹಾಗಾದರೆ ಪರರಿಗಾಗಿ ಏನನ್ನೂ ಮಾಡಬಾರದೇ? ಮಾಡಬೇಕು. ಗದಗಿನ ಸಮೀಪದ ಕಣಗಿನಹಾಳವನ್ನು ನೆನೆಯಿರಿ. ಸಹಕಾರ ಪತ್ತಿನ ಸಂಘಗಳ ಕಾಯ್ದೆ 1904ರಲ್ಲಿ ಮೇಲಿನಿಂದ ಬಂತು. ಆದರೆ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಆ ಊರಿನವರು ತಾವೇ ಸಂಘ ಕಟ್ಟಿದರು. ಕಾನೂನು ಅವಕಾಶ ನೀಡಿತು, ಊರು ಸುಧಾರಿಸಿಕೊಂಡಿತು. ಬಡವನ ಕೈಗೆ ಹಕ್ಕನ್ನು ಕೊಡುವ ಸುಧಾರಣೆಗೂ, ಅವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವ ಸುಧಾರಣೆಗೂ ಇರುವ ಅಂತರ ಇದು.

ಪಾಪನಿವೇದನೆಯ ಪೀಠದಲ್ಲಿ ಯಾರೂ ನೆರೆಯವರ ಪಾಪವನ್ನು ಹೇಳುವುದಿಲ್ಲ. ಸಹೋದರನ ಕಣ್ಣಿನ ಕಸಕ್ಕಿಂತ ಮೊದಲು ತನ್ನ ಕಣ್ಣಿನ ತೊಲೆಯನ್ನು ನೋಡಿಕೊಳ್ಳಬೇಕೆಂದು ಪ್ರಭು ಯೇಸು ಕಲಿಸಿದರು. ಇನ್ನು ಮುಂದೆ ವೇದಿಕೆಯಿಂದಾಗಲಿ, ಪೀಠದಿಂದಾಗಲಿ 'ಸುಧಾರಣೆ' ಎಂಬ ಮಾತು ಕೇಳಿಬಂದಾಗ ಮನೆಯಲ್ಲಿ ಮಕ್ಕಳೊಡನೆ ಕುಳಿತು ಕೇಳಿ ನೋಡಿ: ಹೇಳುವವರು ಆ ಮಾತಿನೊಳಗೆ ತಮ್ಮನ್ನೂ ಸೇರಿಸಿಕೊಂಡಿದ್ದಾರೆಯೇ? ಅದೇ ಪ್ರಶ್ನೆಯನ್ನು ನಿಮ್ಮ ಗುರುಗಳಾದ ನಮಗೂ ಕೇಳುವ ಹಕ್ಕು ನಿಮಗಿದೆ.